ನೆಲದ ಮೇಲಿನ ಕಪ್ಪು ಹಕ್ಕಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಚಿರೆಕಲ್ಲಿನ ಬೋಳುಗುಡ್ಡ ಹತ್ತಿದರೆ ನೆಲ ಅಲ್ಲಲ್ಲಿ ಸುಟ್ಟಂತೆ ಕಪ್ಪಾಗಿರುತ್ತದೆ. ಕರಡದ ಬುಡಗಳ ನಡುವಿನ ಖಾಲಿ ಜಾಗದಲ್ಲೂ ಅದೇ ಕಪ್ಪು. ಬೆಂಕಿ ಬಿದ್ದ ಗುರುತು ಎಂದು ಬಹಳ ಜನ ತಿಳಿಯುತ್ತಾರೆ. ಆ ಕಪ್ಪಿನ ಮೇಲೆ ಒಂದು ಲೋಟ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೋಡುತ್ತಿರಿ. ಬಣ್ಣ ಹಸಿರಿಗೆ ತಿರುಗುತ್ತ ಬಂದರೆ ಅಲ್ಲಿ ಜೀವವಿದೆ ಎಂದೇ ಅರ್ಥ.

ನೀಲಿ-ಹಸಿರು ಪಾಚಿ, ಶಿಲೀಂಧ್ರ, ಕಲ್ಲುಹೂವು, ಹಾವಸೆ (ಮಾಸ್) ಇವೆಲ್ಲ ಮಣ್ಣಿನ ಮೇಲಿನ ಕೆಲವೇ ಮಿಲಿಮೀಟರಿನಲ್ಲಿ ಹೆಣೆದುಕೊಂಡ ಜೀವಂತ ಹಕ್ಕಳೆ ಅದು. ನಮ್ಮಲ್ಲಿ ಮಳೆ ಹೇರಳ; ಹುಲ್ಲು, ಗಿಡ, ದರಕು ಅಂದರೆ ಉದುರಿದ ಒಣಎಲೆ ನೆಲವನ್ನು ಮುಚ್ಚಿಬಿಡುತ್ತವೆ. ಹಾಗಾಗಿ ಮಣ್ಣು ತೆಳುವಾದ ಬೋಳಿನಲ್ಲಷ್ಟೇ ಇದಕ್ಕೆ ಜಾಗ. ಇದರ ನಿಜವಾದ ಸೀಮೆ ಒಣಭೂಮಿ. ಜಗತ್ತಿನ ಒಟ್ಟು ನೆಲದಲ್ಲಿ ಸುಮಾರು ಶೇ. 12ರಷ್ಟನ್ನು ಇಂಥ ಹಕ್ಕಳೆ ಹೊದ್ದುಕೊಂಡಿದೆ ಎಂಬ ಅಂದಾಜಿದೆ.

ಮರಳುಗಾಡಿನ ಹಕ್ಕಳೆಯಲ್ಲಿ ಮುಖ್ಯ ಕೆಲಸಗಾರ ಮೈಕ್ರೊಕೋಲಿಯಸ್ ಎಂಬ ನೂಲಿನಂಥ ಜೀವಿ. ನೂಲಿನ ಸುತ್ತ ಲೋಳೆಯ ಒರೆ ಇರುತ್ತದೆ. ಮಳೆ ಬಿದ್ದಾಗ ನೂಲು ಒರೆಯಿಂದ ಜಾರಿ ಬೆಳಕಿನತ್ತ ಬರುತ್ತದೆ, ನೆಲ ಒಣಗುವಾಗ ಒಳಗೆ ಸರಿಯುತ್ತದೆ. ಬಿಟ್ಟುಹೋದ ಖಾಲಿ ಒರೆಗಳು ಮರಳಿನ ಕಣಗಳಿಗೆ ಅಂಟಿಕೊಂಡೇ ಉಳಿಯುತ್ತವೆ. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು ಈ ಹೆಣಿಗೆ. ನಾಸ್ಟಾಕ್, ಸೈಟೊನೀಮಾ ಮೊದಲಾದ ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಬಡ ಮಣ್ಣಿಗೆ ಸೇರಿಸುತ್ತವೆ. ಸುಡುಬಿಸಿಲಿನಿಂದ ಕಾಪಾಡಿಕೊಳ್ಳಲು ಅವು ಮಾಡಿಕೊಳ್ಳುವ ಕಂದು ವರ್ಣದ್ರವ್ಯದಿಂದಲೇ ನೆಲಕ್ಕೆ ಆ ಕಪ್ಪು. ಮೊದಲ ಮಳೆಗಳಾದ ಮೇಲೆ ನಮ್ಮ ಅಂಗಳದಲ್ಲಿ, ಚಿರೆಕಲ್ಲಿನ ಮೇಲೆ ಲೋಳೆಲೋಳೆಯಾಗಿ ಉಬ್ಬಿ ಬರುವ ಹಸಿರು ಮುದ್ದೆಗಳಿವೆಯಲ್ಲ, ಅವು ಸಾಮಾನ್ಯವಾಗಿ ಈ ನಾಸ್ಟಾಕ್.

ಮಣ್ಣು ಗಟ್ಟಿಯಾಗಿ ಪದರ ಕಟ್ಟಿದ್ದೆಲ್ಲ ಜೀವಂತ ಹಕ್ಕಳೆಯಲ್ಲ. ಬೋಳು ನೆಲಕ್ಕೆ ಮಳೆಹನಿ ಬಡಿದಾಗ ಹೆಂಟೆ ಒಡೆದು, ನುಣ್ಣನೆಯ ಜೇಡಿ ರಂಧ್ರಗಳನ್ನು ಮುಚ್ಚಿ, ಬಿಸಿಲಿಗೆ ಒಣಗಿ ಬಿರಿಯುವ ಪದರ ಬೇರೆ. ಅದು ನೀರನ್ನು ಇಂಗಗೊಡುವುದಿಲ್ಲ, ಅದನ್ನು ಒಡೆಯುವುದೇ ಒಳ್ಳೆಯದು. ಎರಡನ್ನೂ ಬೇರ್ಪಡಿಸಿ ನೋಡುವುದು ಸುಲಭ. ಚಾಕುವಿನ ತುದಿಯಿಂದ ಉಗುರಿನಷ್ಟಗಲದ ಚೂರು ಮೆಲ್ಲಗೆ ಎಬ್ಬಿಸಿ, ಅಡಿಭಾಗ ನೋಡಿ. ಜೀವಂತ ಹಕ್ಕಳೆಯಾದರೆ ಕೂದಲಿಗಿಂತ ಸಣ್ಣ ಎಳೆಗಳಿಗೆ ಮಣ್ಣಿನ ಕಣಗಳು ಜೋತುಕೊಂಡಿರುತ್ತವೆ. ಆ ಚೂರನ್ನು ನೀರಿನ ಲೋಟಕ್ಕೆ ಬಿಟ್ಟರೆ ಒಡೆಯದೆ ನಿಲ್ಲುತ್ತದೆ. ಬರೀ ಮಣ್ಣಿನ ಪದರ ಕೆಲವೇ ನಿಮಿಷದಲ್ಲಿ ಕರಗಿ ಕೆಸರಾಗುತ್ತದೆ.

ಹಕ್ಕಳೆಗೆ ದೊಡ್ಡ ಶತ್ರು ತುಳಿತ. ಮರಳು ಮಣ್ಣಿನಲ್ಲಿ ಅದು ಒಣಗಿದ್ದಾಗ ಗಾಜಿನಂತೆ ಪುಡಿಯಾಗುತ್ತದೆ, ತೇವವಿದ್ದಾಗ ಕೊಂಚ ತಾಳುತ್ತದೆ. ಜೇಡಿ ಮಣ್ಣಿನಲ್ಲಿ ಇದು ಉಲ್ಟಾ: ಹಸಿಯಿದ್ದಾಗ ಗೊರಸು ಆಳಕ್ಕೆ ಇಳಿದು ಹಕ್ಕಳೆಯನ್ನು ಮಣ್ಣಿನೊಳಗೆ ಹುಗಿದುಬಿಡುತ್ತದೆ. ಬೆಳಕು ಸಿಗದೆ ಅದು ಸಾಯುತ್ತದೆ. ಹಾಳಾದ ಜಾಗದಲ್ಲಿ ಪಾಚಿ ಕೆಲವು ವರ್ಷಗಳಲ್ಲಿ ಮರಳಿ ಬಂದೀತು. ಕಲ್ಲುಹೂವು, ಹಾವಸೆ ಬರಬೇಕಾದರೆ ದಶಕಗಳೇ ಬೇಕು. ಜೀಪು ಒಮ್ಮೆ ಹಾದುಹೋದ ಗಾಲಿಯ ಗೆರೆಯಿಂದ ಮಣ್ಣು ಹಾರಲು ಶುರುವಾದರೆ, ಆ ಮರಳು ಪಕ್ಕದ ಒಳ್ಳೆಯ ಹಕ್ಕಳೆಯ ಮೇಲೂ ಕೂತು ಅದನ್ನೂ ಮುಚ್ಚಿ ಕೊಲ್ಲುತ್ತದೆ. ಹಾಳು ಹಬ್ಬುವುದು ಹೀಗೆ.

ತಡೆದು ತೋರಿಸಿದವರೂ ಇದ್ದಾರೆ. ಚೀನಾದ ಟೆಂಗರ್ ಮರುಭೂಮಿಯ ಅಂಚಿನಲ್ಲಿ ಶಾಪೊಟೊ ಎಂಬ ಜಾಗವಿದೆ. 1958ರಲ್ಲಿ ಶುರುವಾದ ರೈಲು ಮಾರ್ಗವನ್ನು ಮರಳಿನಿಂದ ಉಳಿಸಲು ಅಲ್ಲಿ ಹುಲ್ಲಿನ ಕಟ್ಟುಗಳನ್ನು ಮರಳಿಗೆ ಒತ್ತಿ ಒಂದು ಮೀಟರ್ ಚೌಕದ ಮನೆಗಳನ್ನು ಮಾಡಿದರು. ಹುಲ್ಲು ಕೆಲವು ವರ್ಷದಲ್ಲಿ ಕೊಳೆಯುತ್ತದೆ. ಅಷ್ಟರೊಳಗೆ ಚೌಕದಲ್ಲಿ ನುಣ್ಣನೆಯ ಧೂಳು ತಂಗಿ, ಪಾಚಿ ಹುಟ್ಟಿ, ಕ್ರಮೇಣ ಹಾವಸೆಯೂ ಬಂತು. ನಮ್ಮಲ್ಲೇ ಪಾಚಿ ವಿಜ್ಞಾನಿ ಆರ್. ಎನ್. ಸಿಂಗ್ ಅವರು 1950ರಲ್ಲಿ ಉತ್ತರ ಭಾರತದ ಊಸರ ಭೂಮಿಯ ಬಗ್ಗೆ ಬರೆದರು. ಕ್ಷಾರ ತುಂಬಿದ ಆ ಬಂಜರಿಗೆ ಬದು ಕಟ್ಟಿ ಮಳೆನೀರು ನಿಲ್ಲಿಸಿದರೆ ನೀಲಿ-ಹಸಿರು ಪಾಚಿ ದಟ್ಟವಾಗಿ ಬೆಳೆದು ಮಣ್ಣು ಸುಧಾರಿಸುತ್ತದೆ ಎಂದು ತೋರಿಸಿದರು. ಇದಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮ ಗುಡ್ಡ, ಹುಲ್ಲು ಬೆಳೆಯುವ ಬೇಣಗಳ ಮಾತು. ದರಕು ಇದ್ದಲ್ಲಿ ಹಕ್ಕಳೆ ಬೇಕಿಲ್ಲ, ದರಕೇ ನೆಲ ಕಾಯುತ್ತದೆ. ಆದರೆ ಇಳಿಜಾರಿನ ದರಕನ್ನು ಕೊಟ್ಟಿಗೆಗೆಂದು ಪ್ರತಿ ವರ್ಷ ಬುಡಸಮೇತ ಗುಡಿಸಿದರೆ ದರಕೂ ಇಲ್ಲ, ಹಕ್ಕಳೆಯೂ ಇಲ್ಲ. ಜೂನ್ ಮಳೆಗೆ ಬರೀ ಮಣ್ಣು ಎದೆಯೊಡ್ಡಿ ನಿಲ್ಲುತ್ತದೆ. ಇಳಿಜಾರನ್ನು ಬಿಟ್ಟು ಸಮತಟ್ಟಿನ ದರಕನ್ನಷ್ಟೇ ತನ್ನಿ. ಬೇಣಕ್ಕೆ ಬೆಂಕಿ ಹಾಕಬೇಡಿ.

ಚಿರೆಕಲ್ಲಿನ ಕಣಿ ತೆಗೆಯುವಾಗ, ಮನೆಗೆ ಜಾಗ ಸಮ ಮಾಡುವಾಗ ಹಕ್ಕಳೆ ಹೇಗೂ ಮಣ್ಣುಪಾಲು. ಯಂತ್ರ ಬರುವ ಮೊದಲು, ಬೇಸಿಗೆಯಲ್ಲೇ ಮೇಲಿನ ಅರ್ಧ ಸೆಂಟಿಮೀಟರ್ ಹೆರೆದು, ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ. ಒಣಗಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ಕಟ್ಟಿಟ್ಟರೆ ಕೊಳೆಯುತ್ತದೆ. ಒಂದು ಚದರ ಮೀಟರಿನ ಹಕ್ಕಳೆಯನ್ನು ಕೈಯಲ್ಲೇ ಪುಡಿಮಾಡಿ ಹತ್ತು ಚದರ ಮೀಟರಿಗೆ ಎರಚಬಹುದು. ಆಷಾಢದಲ್ಲಿ ಎರಚಿದರೆ ಹೊಳೆ ಸೇರುತ್ತದೆ. ಹಸ್ತ-ಚಿತ್ತಾ ಮಳೆಯ ಹೊತ್ತಿಗೆ ಸಮತಟ್ಟಾದ ಬೋಳಿನಲ್ಲಿ ಎರಚಿ, ಮೇಲೆ ನೆಲ ಕಾಣುವಷ್ಟು ತೆಳುವಾಗಿ ಒಣಹುಲ್ಲು ಹರಡಿ. ದಪ್ಪ ಹರಡಿದರೆ ಬೆಳಕಿಲ್ಲದೆ ಸಾಯುತ್ತದೆ.

ಕಾಳಜಿಯಿಂದ ದಿನಾ ಒಂದಿಷ್ಟು ನೀರು ಚಿಮುಕಿಸುವುದು ಬೇಡ. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯ ಪ್ರಯೋಗವೊಂದರಲ್ಲಿ ಬೇಸಿಗೆಯಲ್ಲಿ ಪದೇ ಪದೇ 1.2 ಮಿ.ಮೀ.ನಷ್ಟು ನೀರು ಕೊಟ್ಟಾಗ ಅಲ್ಲಿನ ಹಾವಸೆ ಬಹುಪಾಲು ಸತ್ತುಹೋಯಿತು. ನೆನೆದ ಕೂಡಲೇ ಉಸಿರಾಟಕ್ಕೆ ಕೂಡಿಟ್ಟ ಆಹಾರ ಖರ್ಚಾಗುತ್ತದೆ, ಅದನ್ನು ತುಂಬಿಕೊಳ್ಳುವ ಮೊದಲೇ ನೀರು ಆರಿರುತ್ತದೆ. ನೀರು ಕೊಡುವುದಾದರೆ ಮಣ್ಣು ಚೆನ್ನಾಗಿ ನೆನೆದು ಹಲವು ಗಂಟೆ ಹಸಿಯಿರುವಂತೆ ಕೊಡಿ. ಇಲ್ಲವಾದರೆ ಮಳೆಗೇ ಬಿಡಿ. ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ಚಾಕು, ಅದೇ ಲೋಟದ ಪರೀಕ್ಷೆ ಮಾಡಿ ನೋಡಿ. ಎಳೆ ಕಾಣದಿದ್ದರೆ ಮೊದಲು ದನದ ಹೆಜ್ಜೆ ಹುಡುಕಿ, ಆಮೇಲೆ ಅಕೇಶಿಯಾ ಎಲೆ ಬಿದ್ದು ಮುಚ್ಚಿದೆಯೇ ನೋಡಿ.

ನಮಸ್ಕಾರ.