ಅಂಕಿಯ ಜೊತೆಗೆ ಬರಬೇಕಾದ ವಿವರ

ಕೇಳುಗರಿಗೆ ನಮಸ್ಕಾರ.

ಜುಲೈ ತಿಂಗಳಲ್ಲಿ ಕಾರ್ಕಳದ ಕಡೆಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆಯ ಬಿಡುವನ್ನು ಕಾಯುತ್ತಿರುತ್ತಾರೆ. ಅದೇ ಹೊತ್ತಿನಲ್ಲಿ ಬಜೆ ಅಣೆಕಟ್ಟಿನ ಬಳಿ ಸ್ವರ್ಣೆ ನದಿಯ ಮಟ್ಟವನ್ನು ಗಮನಿಸುವವರಿಗೆ ಘಟ್ಟದ ಬುಡದಲ್ಲಿ ಎಷ್ಟು ಮಳೆ ಸುರಿಯಿತೆಂಬುದು ತಿಳಿಯಬೇಕಾಗಿರುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ ಅಂಕಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ಥಾಪಿಸಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಳತೆಯನ್ನು ಕಳುಹಿಸುತ್ತವೆ. ಅಳೆಯುವ ಕೆಲಸ ನಡೆಯುತ್ತಿದೆ; ಅಳತೆಯನ್ನು ಹಂಚಿಕೊಳ್ಳುವ ಬಗೆಯ ಕುರಿತು ನಾನು ಇಂದು ಮಾತನಾಡಬಯಸುತ್ತೇನೆ.

ಮಳೆಯ ಅಂಕಿಗಳ ಕೋಷ್ಟಕವನ್ನು ಜಾಲತಾಣದಲ್ಲಿ ಚಿತ್ರವಾಗಿ ಅಂಟಿಸಿದರೆ ಕಣ್ಣು ಅದನ್ನು ಓದಬಹುದು, ಆದರೆ ಪ್ರವಾಹದ ಲೆಕ್ಕ ಹಾಕುವ ತಂತ್ರಾಂಶಕ್ಕೆ ಅದು ಕಷ್ಟ. ಕೊನೆಗೆ ಯಾರಾದರೂ ಕುಳಿತು ಅಂಕಿಗಳನ್ನು ಮತ್ತೆ ಬೆರಳಚ್ಚು ಮಾಡಬೇಕಾಗುತ್ತದೆ. ಒಂದು ಕಂಪ್ಯೂಟರ್ ಇನ್ನೊಂದು ಕಂಪ್ಯೂಟರನ್ನು ನೇರವಾಗಿ ಕೇಳಿ ಉತ್ತರ ಪಡೆಯುವ ಏರ್ಪಾಡಿಗೆ ವೆಬ್ ಸೇವೆ ಎನ್ನುತ್ತಾರೆ. ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲಿ ಪ್ರಕಟಿಸಿ 2012ರಲ್ಲಿ ಪರಿಷ್ಕರಿಸಿದ ಸೆನ್ಸರ್ ಅಬ್ಸರ್ವೇಶನ್ ಸರ್ವಿಸ್ ಎಂಬ ಮಾನಕದ ತಿರುಳು ಮೂರು ಪ್ರಶ್ನೆಗಳು: ನಿನ್ನಲ್ಲಿ ಏನೇನಿದೆ, ಈ ಉಪಕರಣ ಎಂಥದ್ದು, ಇಷ್ಟರಿಂದ ಇಷ್ಟು ಹೊತ್ತಿನವರೆಗಿನ ಅಳತೆ ಎಷ್ಟು. 2016ರಲ್ಲಿ ಬಂದ ಸೆನ್ಸರ್‌ಥಿಂಗ್ಸ್ ಎಂಬ ಅದೇ ಸಂಸ್ಥೆಯ ಇನ್ನೊಂದು ಮಾನಕ ಇದೇ ಕೆಲಸವನ್ನು ಇನ್ನಷ್ಟು ಹಗುರವಾಗಿ ಮಾಡುತ್ತದೆ.

ಈ ಮೂರರಲ್ಲಿ ಎರಡನೆಯ ಪ್ರಶ್ನೆಯನ್ನೇ ಜನ ಕಡೆಗಣಿಸುತ್ತಾರೆ, ಅದೇ ನನ್ನನ್ನು ಹೆಚ್ಚು ಕಾಡುತ್ತದೆ. ಮಳೆಮಾಪಕದೊಳಗೆ ಒಂದು ಪುಟ್ಟ ತೊಟ್ಟಿ ತುಂಬಿದೊಡನೆ ಮಗುಚುತ್ತದೆ, ಎಷ್ಟು ಸಲ ಮಗುಚಿತೆಂಬುದೇ ಮಳೆಯ ಲೆಕ್ಕ; ನಮ್ಮ ಕರಾವಳಿಯ ಜಡಿಮಳೆಯಲ್ಲಿ ಅದು ಮಗುಚುವ ಕ್ಷಣದಲ್ಲೂ ನೀರು ಬೀಳುತ್ತಲೇ ಇರುವುದರಿಂದ ಅಳತೆ ತುಸು ಕಡಿಮೆ ಬರುತ್ತದೆ. ಆಲಿಕೆಗೆ ತರಗೆಲೆ ಸಿಕ್ಕಿಕೊಂಡರಂತೂ ಹೊರಗೆ ಕುಂಭದ್ರೋಣ ಮಳೆ, ಒಳಗೆ ಸೊನ್ನೆ. ಮಳೆ ಬಾರದ ಸೊನ್ನೆಯೂ ಉಪಕರಣ ಕೆಟ್ಟ ಸೊನ್ನೆಯೂ ಒಂದೇ ಬಗೆಯಲ್ಲಿ ಬಂದರೆ, ಅದನ್ನು ನಂಬಿದ ಕೆಳದಂಡೆಯ ಜನರ ಗತಿಯೇನು? ಆದ್ದರಿಂದ ಸೇವೆ ಅಂಕಿಯೊಂದಿಗೆ ಉಪಕರಣದ ಬಗೆ, ಅದು ನಿಂತ ಜಾಗ, ಕೊನೆಯ ಬಾರಿ ಪರೀಕ್ಷಿಸಿದ ದಿನ ಹಾಗೂ ಅಳತೆಯ ಗುಣಮಟ್ಟವನ್ನೂ ಹೇಳಬೇಕು.

ವೇಳೆಯ ವಿಷಯವೂ ಹಾಗೆಯೇ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ನಮ್ಮ ಬೆಳಿಗ್ಗೆ 8.30 ಎಂದರೆ ಜಾಗತಿಕ ವೇಳೆಯಲ್ಲಿ (ಯುಟಿಸಿ) ಬೆಳಗಿನ ಜಾವ 3 ಗಂಟೆ. ಯಾವ ವೇಳೆಯೆಂದು ನಮೂದಿಸದೆ ಕಳುಹಿಸಿದರೆ, 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯನ್ನು ಮುಳುಗಿಸಿದಂಥ ಇರುಳಿನ ಮಳೆ ಲೆಕ್ಕದಲ್ಲಿ ಐದೂವರೆ ಗಂಟೆ ಆಚೀಚೆ ಆಗಿಬಿಡುತ್ತದೆ. ಅಷ್ಟು ಹೊತ್ತಿನಲ್ಲಿ ಹೊಳೆಯ ನೀರು ಅಂಗಳ ದಾಟಿ ಜಗಲಿ ಏರಿರುತ್ತದೆ.