ಕೆಲಸ ಮಾಡದ ಹುಡುಗನಿಗಾಗಿ ದುಡಿದವರು

ಕೇಳುಗರೇ, ನಮಸ್ಕಾರ.

1957ರ ಫೆಬ್ರವರಿ 28. ಬೆಲ್ಜಿಯಂನ ಮಕ್ಕಳು ತಮ್ಮ ಮೆಚ್ಚಿನ 'ಸ್ಪಿರು' ವಾರಪತ್ರಿಕೆ ಬಿಡಿಸಿದರು. ಒಳಗೆ ಒಂದು ಸಣ್ಣ ಚಿತ್ರ. ಒಬ್ಬ ಹುಡುಗ ಬಾಗಿಲು ತಳ್ಳಿಕೊಂಡು ಬರುತ್ತಿದ್ದಾನೆ. ಕೋಟು ಹಾಕಿದ್ದಾನೆ, ಬೋ ಟೈ ಕಟ್ಟಿದ್ದಾನೆ. ಸುತ್ತ ಹೆಜ್ಜೆ ಗುರುತುಗಳು. ಕಥೆಯಿಲ್ಲ, ಮಾತಿಲ್ಲ. ಯಾರಿವನು, ಯಾಕೆ ಬಂದ ಅಂತ ಪತ್ರಿಕೆ ಹೇಳಲೇ ಇಲ್ಲ. ಮುಂದಿನ ವಾರವೂ ಅವನು ಸುಮ್ನೆ ಬಂದು ನಿಂತ.

ಅವನೇ ಗಾಸ್ತೋಂ ಲಗಾಫ್. 'ಗಾಫ್' ಅಂದರೆ ಫ್ರೆಂಚಿನಲ್ಲಿ ಎಡವಟ್ಟು. ನಮ್ಮಲ್ಲಾದರೆ ಎಡವಟ್ಟು ಗಾಸ್ತೋಂ ಅನ್ನುತ್ತಿದ್ದೆವು. ಅವನನ್ನು ಬರೆದವರು ಆಂದ್ರೆ ಫ್ರಾಂಕ್ಯಾಂ. ಬೆಲ್ಜಿಯಂ ಕಾಮಿಕ್ಸ್ ಅಂದರೆ ನಮಗೆ ಮೊದಲು ನೆನಪಾಗುವುದು ಟಿನ್‌ಟಿನ್. ಆದರೆ ಟಿನ್‌ಟಿನ್ ಬರೆದ ಎರ್ಜೆ ಅವರೇ ಫ್ರಾಂಕ್ಯಾಂ ಮುಂದೆ ತಾವು ಏನೂ ಅಲ್ಲ ಎಂದಿದ್ದರು. ಅದಕ್ಕೇ ಇವತ್ತು ಫ್ರಾಂಕ್ಯಾಂ ಬಗ್ಗೆ ಮಾತಾಡಬೇಕು ಅನ್ನಿಸಿತು.

ಫ್ರಾಂಕ್ಯಾಂ ಹುಟ್ಟಿದ್ದು 1924ರ ಜನವರಿ 3ರಂದು, ಬ್ರಸೆಲ್ಸ್‌ನ ಎಟರ್‌ಬೇಕ್‌ನಲ್ಲಿ. ಮಗ ಕೃಷಿ ಎಂಜಿನಿಯರ್ ಆಗಲಿ ಅಂತ ತಂದೆಗೆ ಆಸೆ. ಮಗನಿಗೆ ಪೆನ್ಸಿಲ್ ಬಿಟ್ಟು ಬೇರೇನೂ ಬೇಡ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಂದು ಸಣ್ಣ ಕಾರ್ಟೂನ್ ಸ್ಟುಡಿಯೋ ಸೇರಿದರು. ಅಲ್ಲಿ ಜೊತೆಗಿದ್ದವರಲ್ಲಿ ಒಬ್ಬರು ಮೋರಿಸ್, ಮುಂದೆ ಲಕಿ ಲ್ಯೂಕ್ ಎಂಬ ಕೌಬಾಯ್ ಕಾಮಿಕ್ಸ್ ಬರೆದವರು. ಆಮೇಲೆ ಜಿಜೆ ಎಂಬ ಹಿರಿಯ ಕಲಾವಿದರು ಈ ಹುಡುಗರನ್ನು ತಮ್ಮ ಮನೆಯಲ್ಲೇ ಕೂರಿಸಿಕೊಂಡು ಕಲಿಸಿದರು. ಸ್ಪಿರು ಅನ್ನುವುದು ಪತ್ರಿಕೆಯ ಹೆಸರಷ್ಟೇ ಅಲ್ಲ, ಅದರ ಕಥಾನಾಯಕನ ಹೆಸರೂ ಹೌದು. 1946ರಲ್ಲಿ ಜಿಜೆ ಅವನ ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ನೀನೇ ಮುಗಿಸು ಅಂತ ಫ್ರಾಂಕ್ಯಾಂ ಕೈಗೆ ಕೊಟ್ಟುಬಿಟ್ಟರು. ಆಗ ಶಿಷ್ಯನಿಗೆ 22 ವರ್ಷ!

ಸ್ಪಿರುವಿನ ಕಥೆಗಳನ್ನು ಫ್ರಾಂಕ್ಯಾಂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದರು. ಮಾರ್ಸುಪಿಲಾಮಿ ಎಂಬ ಕಾಲ್ಪನಿಕ ಪ್ರಾಣಿ ಹುಟ್ಟಿದ್ದೂ ಅಲ್ಲೇ, 1952ರಲ್ಲಿ. ಹಳದಿ ಮೈ, ಕಪ್ಪು ಮಚ್ಚೆ, ಮಾರುದ್ದದ ಬಾಲ. ಜಗಳಕ್ಕೆ ಬಂದರೆ ಬಾಲದ ತುದಿಯೇ ಮುಷ್ಟಿಯಾಗುತ್ತದೆ. ಹಾರಬೇಕು ಅಂದರೆ ಅದೇ ಬಾಲ ಸ್ಪ್ರಿಂಗ್. ಇಂಥ ಪ್ರಾಣಿ ಎಲ್ಲೂ ಇಲ್ಲ. ಆದರೆ ಅದು ಮರಿಗಳನ್ನು ಕಾಯುವುದನ್ನು ನೋಡಿದರೆ, ಇರಲೇಬೇಕು ಅನ್ನಿಸುತ್ತದೆ.

ನನಗೆ ಜಾಸ್ತಿ ಇಷ್ಟ ಗಾಸ್ತೋಂ. ಕೆಲವೇ ದಿನಗಳಲ್ಲಿ ಅವನ ಕೋಟು ಹೋಯಿತು, ಹಸಿರು ಸ್ವೆಟರ್ ಬಂತು. ಪತ್ರಿಕೆಯ ಆಫೀಸಿನಲ್ಲೇ ಅವನಿಗೆ ಕೆಲಸ. ಓದುಗರ ಪತ್ರಗಳನ್ನು ನೋಡಬೇಕು. ನೋಡುವುದಿಲ್ಲ, ಅವು ಬೆಟ್ಟವಾಗಿ ಬೆಳೆಯುತ್ತವೆ. ಅವನು ನಿದ್ದೆ ಮಾಡುತ್ತಾನೆ. ಬೆಕ್ಕು ಸಾಕುತ್ತಾನೆ, ಕಡಲಹಕ್ಕಿ ಸಾಕುತ್ತಾನೆ. ಏನೇನೋ ಯಂತ್ರ ಮಾಡುತ್ತಾನೆ. ಒಬ್ಬ ದೊಡ್ಡ ವ್ಯಾಪಾರಿ ಒಪ್ಪಂದಕ್ಕೆ ಸಹಿ ಹಾಕಲು ಬರುತ್ತಾನೆ. ಪೆನ್ನು ಕಾಗದಕ್ಕೆ ತಾಗಬೇಕು ಅನ್ನುವಷ್ಟರಲ್ಲಿ ಗಾಸ್ತೋಂನ ಯಾವುದೋ ಎಡವಟ್ಟು ಎಲ್ಲವನ್ನೂ ಕೆಡಿಸುತ್ತದೆ. ಅವನ ಮನಸ್ಸಿನಲ್ಲಿ ಮಾತ್ರ ಒಂಚೂರೂ ಕೆಟ್ಟದ್ದಿಲ್ಲ.

ಈ ಸೋಮಾರಿಯನ್ನು ಬರೆಯಲು ಫ್ರಾಂಕ್ಯಾಂ ಪಟ್ಟ ಶ್ರಮ ನೋಡಬೇಕು. ಒಂದು ಸ್ಫೋಟವಾದರೆ ಮೇಜಿನ ಮೇಲಿದ್ದ ಕಾಗದ, ಗಾಜಿನ ಚೂರು, ಕುರ್ಚಿಯ ಕಾಲು ಒಂದೊಂದೂ ತನ್ನದೇ ದಾರಿ ಹಿಡಿದು ಹಾರುತ್ತದೆ. ಗಾಬರಿಯಾದವನ ಬೆರಳುಗಳೂ ಗಾಬರಿಯಾಗಿರುತ್ತವೆ. ಮೊದಲ ವರ್ಷಗಳಲ್ಲಿ ಹಿನ್ನೆಲೆ ಬರೆಯಲು ಜಿದೆಎಮ್ ಎಂಬ ಕಲಾವಿದರು ನೆರವಾಗುತ್ತಿದ್ದರು. ಆದರೂ ಆ ಶ್ರಮ ದೇಹ, ಮನಸ್ಸು ಎರಡನ್ನೂ ತಿಂದಿತು. 1961ರ ಕೊನೆಗೆ ಫ್ರಾಂಕ್ಯಾಂ ಖಿನ್ನತೆಗೆ ಬಿದ್ದರು. ನಡೆಯುತ್ತಿದ್ದ ಸ್ಪಿರು ಕಥೆ ಅರ್ಧಕ್ಕೇ ನಿಂತಿತು. ಅದು ಮತ್ತೆ ಶುರುವಾಗಿದ್ದು 1963ರಲ್ಲಿ. ನಡುವೆ ಅವರು ಕೈಬಿಡದೆ ಬರೆದದ್ದು ಗಾಸ್ತೋಂನನ್ನು. ಕಾಯಿಲೆ ಬಿದ್ದವರ ಕೈ ಹಿಡಿದದ್ದು ಆ ಸೋಮಾರಿ ಹುಡುಗ, ಅಲ್ವಾ?

1968ರಲ್ಲಿ ಸ್ಪಿರುವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು, ಮಾರ್ಸುಪಿಲಾಮಿಯನ್ನು ಬಿಡಲಿಲ್ಲ. 1977ರಿಂದ 'ಕಪ್ಪು ಯೋಚನೆಗಳು' ಎಂಬ ಅರ್ಥದ ಹೆಸರಿನಲ್ಲಿ ಬೇರೆಯದೇ ಪುಟಗಳು ಬಂದವು. ಮನುಷ್ಯರೆಲ್ಲ ಬರೀ ಕಪ್ಪು ನೆರಳುಗಳು. ಬೇಟೆ, ಮರಣದಂಡನೆ, ಯುದ್ಧದ ಮೇಲೆ ಅವರಿಗಿದ್ದ ಸಿಟ್ಟೆಲ್ಲ ಅಲ್ಲಿದೆ. ನಗು ಬರುತ್ತದೆ, ಜೊತೆಗೇ ಎದೆ ಝಲ್ಲೆನ್ನುತ್ತದೆ.

1997ರ ಜನವರಿ 5ರಂದು ಅವರು ತೀರಿಕೊಂಡರು. 73 ತುಂಬಿ ಎರಡೇ ದಿನವಾಗಿತ್ತು.

ಗಾಸ್ತೋಂನ ಪುಸ್ತಕ ಎಲ್ಲಾದರೂ ಕೈಗೆ ಸಿಕ್ಕರೆ, ಫ್ರೆಂಚ್ ಬಾರದಿದ್ದರೂ ಪರವಾಗಿಲ್ಲ, ನಂತರದ ವರ್ಷಗಳ ಪುಟಗಳನ್ನು ತಿರುವಿ ನೋಡಿ. ಕೆಳಗೆ ಫ್ರಾಂಕ್ಯಾಂ ಸಹಿ ಇರುತ್ತದೆ. ಅದು ಒಂದು ಪುಟದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇಲ್ಲ. ಆ ಪುಟದಲ್ಲಿ ನಡೆದ ತಮಾಷೆ ಅಕ್ಷರಗಳಿಗೂ ಅಂಟಿಕೊಂಡಿರುತ್ತದೆ. ಯಾರೂ ಕೇಳದ, ಎಷ್ಟೋ ಜನ ಗಮನಿಸದ ಆ ಸಹಿಯನ್ನು ಅವರು ಪ್ರತಿ ಸಲ ಹೊಸದಾಗಿ ಬರೆಯುತ್ತಿದ್ದರು.

ನಮಸ್ಕಾರ.