ಆಮಿಶ್ ಸೀಮೆಯಲ್ಲಿ ಒಂದು ಹಂಗಾಮು: ಆರ್‌ವಿ ನಿಲ್ಲಿಸಲು ಜಾಗ ನೋಡುವಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿ ಆಮಿಶ್ ಜನರ ಹಳೆಯ ನೆಲೆ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನಿಂದ ಬಂದು ನೆಲೆಸಿದ ಈ ಕ್ರೈಸ್ತ ಸಮುದಾಯದವರು ಇಂದಿಗೂ ಕುದುರೆಗಾಡಿಯಲ್ಲೇ ಓಡಾಡುತ್ತಾರೆ, ಹೇಸರಗತ್ತೆ ಕಟ್ಟಿ ಹೊಲ ಉಳುತ್ತಾರೆ, ಮನೆಗೆ ಹೊರಗಿನ ವಿದ್ಯುತ್ ತಂತಿ ಎಳೆಸಿಕೊಳ್ಳುವುದಿಲ್ಲ. ಫಿಲಡೆಲ್ಫಿಯಾದಿಂದ ಇಲ್ಲಿಗೆ ಸುಮಾರು 110 ಕಿಲೋಮೀಟರ್. ಆ ನಗರದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡಿಗ ಕುಟುಂಬಗಳಿಗೆ, ಊರಿನಿಂದ ಬಂದ ಅಪ್ಪ ಅಮ್ಮನ ಜೊತೆ ಬೇಸಿಗೆಯ ವಾರಾಂತ್ಯ ಕಳೆಯಲು ಒಳ್ಳೆಯ ಸೀಮೆ ಇದು. ಆರ್‌ವಿ, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಇರುವ ಗಾಲಿಮನೆ, ಸ್ವಂತದ್ದಿದ್ದರೆ ಅದನ್ನು ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಇಡೀ ಹಂಗಾಮಿಗೆ, ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ನಿಲ್ಲಿಸಿಬಿಡಬಹುದು. ಎರಡು ದಿನದ ಪ್ರವಾಸಿಗೆ ಕಣ್ಣಿಗೇ ಬೀಳದ ಸಂಗತಿಗಳು ಆರು ತಿಂಗಳು ಇರುವವರಿಗೆ ದೊಡ್ಡದಾಗುತ್ತವೆ. ಹಾಗಾಗಿ ಕ್ಯಾಂಪ್‌ಗ್ರೌಂಡಿನ ಹೆಸರು ನೋಡಿ ಒಪ್ಪಿಕೊಳ್ಳಬೇಡಿ. ನಿಮಗೆ ಕೊಡುವ ಆ ಒಂದು ನಂಬರಿನ ಸೈಟಿನ ಮೇಲೆ ಹೋಗಿ ನಿಂತು ನೋಡಿ.

ಮೊದಲು ನೀರಿನ ವಿಚಾರ. ಲ್ಯಾಂಕಾಸ್ಟರಿನ ಬಹುಭಾಗ ಸುಣ್ಣದಕಲ್ಲಿನ ನೆಲ. ಹೊಲಕ್ಕೆ ಹಾಕಿದ ಸಗಣಿ ಗೊಬ್ಬರದ ನೈಟ್ರೇಟ್ ಇಂಥ ಕಲ್ಲಿನ ಬಿರುಕುಗಳ ಮೂಲಕ ಬೇಗನೆ ಅಂತರ್ಜಲಕ್ಕೆ ಇಳಿಯುತ್ತದೆ. ಕ್ಯಾಂಪ್‌ಗ್ರೌಂಡಿಗೆ ಊರಿನ ಕೊಳಾಯಿ ನೀರು ಬರುತ್ತದೋ, ತಮ್ಮದೇ ಕೊಳವೆಬಾವಿಯೋ ಕೇಳಿ. ಕೊಳವೆಬಾವಿಯಾದರೆ ಇತ್ತೀಚಿನ ಪರೀಕ್ಷೆಯ ವರದಿ ತೋರಿಸಲು ಹೇಳಿ. ಕುಡಿಯುವ ನೀರಿನಲ್ಲಿ ನೈಟ್ರೇಟ್‌ಗೆ ಅಮೆರಿಕದ ಮಿತಿ, ಸಾರಜನಕದ ಲೆಕ್ಕದಲ್ಲಿ, ಲೀಟರಿಗೆ 10 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಾದರೆ ಆರು ತಿಂಗಳೊಳಗಿನ ಹಸುಗೂಸಿಗೆ ನಿಜವಾದ ಅಪಾಯ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು: ಕುದಿಸಿ ಆರಿಸಿದ ನೀರು ಇಲ್ಲಿ ಪರಿಹಾರವಲ್ಲ. ಕುದಿಸಿದಾಗ ಕ್ರಿಮಿ ಸಾಯುತ್ತದೆ, ಆದರೆ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ನೈಟ್ರೇಟ್ ಹೆಚ್ಚುತ್ತದೆ. ನಲ್ಲಿಗೆ ಹಾಕುವ ಸಾಮಾನ್ಯ ಇದ್ದಿಲಿನ ಫಿಲ್ಟರೂ ಅದನ್ನು ತಡೆಯುವುದಿಲ್ಲ. ಆರ್‌ಒ ಯಂತ್ರ ಬೇಕು, ಇಲ್ಲವೇ ಕುಡಿಯಲು ಬಾಟಲಿ ನೀರು. ಈ ನೀರು ಗಡುಸೂ ಹೌದು. ವಾಟರ್ ಹೀಟರಿನಲ್ಲಿ ಬಿಳಿ ಪದರ ಕಟ್ಟುತ್ತದೆ, ವರ್ಷಕ್ಕೊಮ್ಮೆ ತೊಳೆಯಬೇಕು. ನೀರಿನ ಒತ್ತಡ ಕಡಿಮೆ ಮಾಡುವ ರೆಗ್ಯುಲೇಟರನ್ನು ಕೊಳಾಯಿಯ ಬಾಯಿಗೇ ಹಾಕಿ, 45ರಿಂದ 55 ಪಿಎಸ್‌ಐ ಒಳಗಿರಲಿ. ಅದಿಲ್ಲದೆ ಒಳಗಿನ ಪ್ಲಾಸ್ಟಿಕ್ ಕೂಡುಗಳು ಬಿಟ್ಟುಕೊಂಡರೆ, ನೀವಿಲ್ಲದ ವಾರದಲ್ಲಿ ನೆಲವೆಲ್ಲ ನೆನೆದು ಹಾಳಾಗುತ್ತದೆ.

ಇನ್ನು ಕರೆಂಟು. ಸೈಟಿನಲ್ಲಿ ಆರ್‌ವಿಗೆ ಕರೆಂಟು ಕೊಡುವ ಕಂಬ 30 ಆಂಪ್‌ನದಾದರೆ 120 ವೋಲ್ಟಿನ ಲೆಕ್ಕಕ್ಕೆ ಸಿಗುವುದು 3,600 ವ್ಯಾಟ್. ಎಸಿ ಸುಮಾರು 1,500, ನೀರು ಕಾಯಿಸುವ ಸುರುಳಿ 1,400, ಇಂಡಕ್ಷನ್ ಒಲೆ 1,800 ವ್ಯಾಟ್ ಎಳೆದರೆ ಬ್ರೇಕರ್ ಬೀಳುವುದು ಖಚಿತ. ಆರು ತಿಂಗಳ ವಾಸಕ್ಕೆ 50 ಆಂಪ್ ಸೈಟೇ ಒಳ್ಳೆಯದು; ಅದರಲ್ಲಿ ಎರಡು ಸಾಲು ಸೇರಿ 12,000 ವ್ಯಾಟ್ ಬರುತ್ತದೆ, ನಿಮ್ಮ ಆರ್‌ವಿಯ ವೈರಿಂಗೂ ಅದಕ್ಕೆ ತಕ್ಕದ್ದಾಗಿದ್ದರೆ. ಹಳೆಯ ಕ್ಯಾಂಪ್‌ಗ್ರೌಂಡುಗಳಲ್ಲಿ ಜುಲೈ ಮಧ್ಯಾಹ್ನ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. 105ರ ಕೆಳಗೆ ಇಳಿದರೆ ಎಸಿಯ ಕಂಪ್ರೆಸರ್ ಬಿಸಿಯಾಗಿ ಸುಡಬಹುದು. ವೋಲ್ಟೇಜ್ ಇಳಿದಾಗ ತಾನೇ ಕಡಿತಗೊಳಿಸುವ ರಕ್ಷಕ ಪೆಟ್ಟಿಗೆ ಇಲ್ಲದೆ ಆರ್‌ವಿ ಬಿಟ್ಟು ಹೋಗಬೇಡಿ. ಹಂಗಾಮಿನ ಬಾಡಿಗೆಯಲ್ಲಿ ಕರೆಂಟು ಸೇರಿರುವುದು ಅಪರೂಪ. ಯೂನಿಟ್ ದರ ಎಷ್ಟು, ಮೀಟರ್ ಯಾವಾಗ ಓದುತ್ತಾರೆ ಎಂದು ಬರೆಸಿಕೊಳ್ಳಿ.

ಕೊಳಚೆ ಪೈಪು ಸೈಟಿಗೇ ಬಂದಿರಬೇಕು, ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು ಸಿಗಬೇಕು. ಶೌಚದ ಟ್ಯಾಂಕಿನ ವಾಲ್ವ್ ಸದಾ ತೆರೆದಿಟ್ಟರೆ ನೀರು ಹರಿದು ಹೋಗಿ ಗಟ್ಟಿ ಭಾಗ ಒಳಗೇ ಗುಡ್ಡೆಯಾಗಿ ಒಣಗುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಬಿಡಿ. ನಂತರ ಸ್ನಾನದ ನೀರಿನ ಟ್ಯಾಂಕ್ ಬಿಟ್ಟರೆ ಪೈಪೂ ತೊಳೆದಂತಾಗುತ್ತದೆ.

ಜಾಗ ನೋಡಲು ಯಾವಾಗ ಹೋಗಬೇಕು? ವಸಂತದಲ್ಲಿ, ಬಿತ್ತನೆಗೆ ಮುಂಚೆ ಹೋಗಿ. ಆಗ ಆಮಿಶ್ ರೈತರು ಹೊಲಕ್ಕೆ ಗೊಬ್ಬರ ಚೆಲ್ಲುತ್ತಾರೆ. ಬೇಲಿಯಾಚೆ ಮುಸುಕಿನ ಜೋಳದ ಹೊಲವಿದ್ದರೆ ಆ ವಾಸನೆ ಕಿಟಕಿಯೊಳಗೇ ಬರುತ್ತದೆ, ಬೇಸಿಗೆಯಲ್ಲಿ ನೊಣವೂ ಬರುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಇದೇನೂ ಅಲ್ಲ, ಉಸಿರಾಟದ ತೊಂದರೆ ಇರುವ ಹಿರಿಯರಿಗೆ ಕಷ್ಟ. ದನದ ಕೊಟ್ಟಿಗೆ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಗಮನಿಸಿ. ಬೇಸಿಗೆಯಲ್ಲಿ ಪಶ್ಚಿಮದ ಕಡೆಯ ಗಾಳಿಯೇ ಹೆಚ್ಚು, ಆದ್ದರಿಂದ ಕೊಟ್ಟಿಗೆಗೆ ಪಶ್ಚಿಮದಲ್ಲಿರುವ ಸೈಟು ವಾಸಿ.

ತೊರೆಯ ದಡದ ಸೈಟುಗಳು ಬಹಳ ಸುಂದರ, ಬೇಗ ಹೋಗಿಬಿಡುತ್ತವೆ. ಆದರೆ 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ, 2011ರ ಸೆಪ್ಟೆಂಬರ್‌ನಲ್ಲಿ ಲೀ ಬಿರುಗಾಳಿ ಈ ಭಾಗವನ್ನು ಮುಳುಗಿಸಿದ್ದನ್ನು ಮರೆಯಬಾರದು. ಫೆಮಾ ಎಂಬ ಕೇಂದ್ರ ಸಂಸ್ಥೆಯ ಪ್ರವಾಹ ನಕ್ಷೆ ಉಚಿತವಾಗಿ ಸಿಗುತ್ತದೆ, ನೋಡಿ. ವಾರಾಂತ್ಯಕ್ಕೆ ಮಾತ್ರ ಬರುವವರು ನಡುವಾರದ ನೆರೆಯಲ್ಲಿ ಗಾಡಿ ಎಳೆದು ತೆಗೆಯಲಾರರು; ದಡದ ಸೈಟು ಅಂಥವರಿಗೆ ಬೇಡವೆಂದೇ ನನ್ನ ಮಾತು. ನೆರಳಿನ ಮರ ಯಾವುದೆಂದೂ ನೋಡಿ. ಕಪ್ಪು ವಾಲ್‌ನಟ್ ಆದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಿಂಬೆಹಣ್ಣಿನ ಗಾತ್ರದ ಕಾಯಿಗಳು ಚಾವಣಿಗೆ ಬಡಿಯುತ್ತವೆ.

ಒಪ್ಪಂದದಲ್ಲಿ ಕೇಳಬೇಕಾದ್ದು ಇಷ್ಟು: ಹತ್ತು ವರ್ಷಕ್ಕಿಂತ ಹಳೆಯ ಆರ್‌ವಿ ಸೇರಿಸುತ್ತಾರೆಯೇ, ಬಂದ ನೆಂಟರಿಗೆ ತಲೆಗೆಷ್ಟು, ಚಳಿಗಾಲಕ್ಕೆ ಅಲ್ಲೇ ಬಿಡಲು ಎಷ್ಟು, ನೀರು ಯಾವ ದಿನ ನಿಲ್ಲಿಸುತ್ತಾರೆ, ನಡುವೆ ಬಿಟ್ಟರೆ ಹಣ ಮರಳುತ್ತದೆಯೇ. ಬಾಯಿಮಾತು ಸಾಲದು.

ಗಾಡಿ ಎಳೆದು ತರುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಈ ಕೌಂಟಿಯಲ್ಲಿ ಮರದ ಚಾವಣಿ ಹೊದ್ದ ಹಳೆಯ ಸೇತುವೆಗಳು ಬಹಳ. ದೊಡ್ಡ ಆರ್‌ವಿಯ ಎತ್ತರ 13 ಅಡಿ ದಾಟುತ್ತದೆ, ಅವುಗಳಲ್ಲಿ ತೂರುವುದಿಲ್ಲ; ಫೋನಿನ ಸಾಮಾನ್ಯ ನಕ್ಷೆ ಇದನ್ನು ಹೇಳುವುದೂ ಇಲ್ಲ. ಏರಿನ ತುದಿಯಲ್ಲಿ ನಿಧಾನ ಮಾಡಿ, ಆಚೆಗೆ ಕುದುರೆಗಾಡಿ ಇರಬಹುದು.

ಭಾನುವಾರ ಆಮಿಶ್ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ತರಕಾರಿ, ಹಾಲು ಶನಿವಾರವೇ ತಂದಿಡಿ, ಕೈಯಲ್ಲಿ ಚಿಲ್ಲರೆ ನೋಟು ಇರಲಿ. ರಸ್ತೆ ಬದಿಯ ಮಳಿಗೆಗಳಲ್ಲಿ ಹಲವು ಕಡೆ ಡಬ್ಬಿಗೆ ಹಣ ಹಾಕಿ ಒಯ್ಯುವ ಪದ್ಧತಿ. ಸಸ್ಯಾಹಾರಿಗಳು ಪೈ ಕೊಳ್ಳುವಾಗ ಕೇಳಿ ಕೊಳ್ಳಬೇಕು, ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿ ವಾಡಿಕೆ. ಅವರ ಮುಖದ ಫೋಟೊ ತೆಗೆಯಬೇಡಿ. ಅದು ಅವರ ಧರ್ಮಕ್ಕೆ ಒಗ್ಗದ್ದು. ಹುಲ್ಲಿನಲ್ಲಿ ಓಡಾಡಿದ ಸಂಜೆ ಮಕ್ಕಳ ಮೊಣಕಾಲ ಹಿಂದೆ, ಕಿವಿಯ ಹಿಂದೆ ಉಣ್ಣಿ ಹತ್ತಿದೆಯೇ ನೋಡಿ, ಇಲ್ಲಿನ ಉಣ್ಣಿಯಿಂದ ಲೈಮ್ ರೋಗ ಬರುತ್ತದೆ.

ಹಂಗಾಮು ಮುಗಿದು ಆರ್‌ವಿ ಹೊರಗೆ ಒಯ್ಯುವುದಾದರೆ, ಪೈಪುಗಳ ನೀರು ಬಸಿದು ಆರ್‌ವಿಗೆಂದೇ ಬರುವ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಿ. ಆಮೇಲೆ ಗಾಲಿಗಳ ಹಿಂಬದಿ, ಏಣಿ, ಅಡಿಭಾಗ ಪರೀಕ್ಷಿಸಿ. ಪಕ್ಕದ ಬರ್ಕ್ಸ್ ಕೌಂಟಿಯಲ್ಲಿ 2014ರಲ್ಲಿ ಮೊದಲು ಕಂಡುಬಂದ ಚುಕ್ಕೆ ಲ್ಯಾಂಟರ್ನ್ ಫ್ಲೈ ಎಂಬ ಕೀಟ ಅಲ್ಲೆಲ್ಲ ಒಣಗಿದ ಕೆಸರಿನಂತೆ ಕಾಣುವ ಮೊಟ್ಟೆಯ ಪದರ ಅಂಟಿಸಿರುತ್ತದೆ. ದ್ರಾಕ್ಷಿ ತೋಟಗಳಿಗೆ ಬಹಳ ನಷ್ಟ ಮಾಡುವ ಕೀಟವಿದು. ಆ ಪದರವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ಸ್ಪಿರಿಟ್ ಇರುವ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆದ ನಂತರವೇ ಗಾಡಿ ಹೊರಡಿಸಿ.

ನಮಸ್ಕಾರ.